ಕರೆಂಟಿಲ್ಲದೆ ಎದ್ದ ಮುಳ್ಳು

ಕರೆಂಟು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದು ಇದೆ ಎಂದು ಜನರಿಗೆ ತೋರಿಸಿಕೊಡುವುದೇ ನನ್ನ ಹೊಟ್ಟೆಪಾಡು. ಅಂಥ ಕೆಲಸಕ್ಕೆ ಇಳಿದವನ ಬೆನ್ನಿಗೆ ಇಂಥ ಪ್ರಸಂಗಗಳು ಅಂಟಿಕೊಳ್ಳದೆ ಇರುತ್ತವೆಯೇ? ಒಂದನ್ನು ಕೊಡವಿಕೊಂಡು ಏಳುವಷ್ಟರಲ್ಲಿ ಇನ್ನೊಂದು ಬಂದು ಪಕ್ಕದಲ್ಲಿ ಕೂತಿರುತ್ತಿತ್ತು.

ಅರವತ್ತರ ದಶಕದ ಮಾತು. ಸಾಗರದಲ್ಲಿ ಒಬ್ಬ ಎಲೆಕ್ಟ್ರಿಕಲ್ ಕಂಟ್ರಾಕ್ಟರನ ಹತ್ತಿರ ನಾನು ಕೆಲಸಕ್ಕಿದ್ದೆ. ಅಕ್ಕಿ ಗಿರಣಿಯಾಗಲಿ, ಮರದ ಮಿಲ್ಲಾಗಲಿ, ಮೋಟಾರು ಬಂತೆಂದರೆ ಅದಕ್ಕೊಂದು ಪ್ಯಾನೆಲ್ ಬೋರ್ಡು ಬೇಕು. ಬೋರ್ಡಿನ ಮುಖದ ಮೇಲೆ ಎರಡು ಮೀಟರು. ಒಂದು ವೋಲ್ಟು ತೋರಿಸುತ್ತದೆ, ಅಂದರೆ ಕರೆಂಟು ಎಷ್ಟು ಒತ್ತಡದಲ್ಲಿ ಬಂದು ಬಾಗಿಲಲ್ಲಿ ನಿಂತಿದೆ ಅಂತ. ಇನ್ನೊಂದು ಆಂಪಿಯರ್ ತೋರಿಸುತ್ತದೆ, ಅಂದರೆ ಮೋಟಾರು ಎಷ್ಟು ಕುಡಿಯುತ್ತಿದೆ ಅಂತ. ಬಿಳಿ ಮುಖ, ಕರಿ ಮುಳ್ಳು, ಮೇಲೊಂದು ಗಾಜು. ಅವನ್ನು ಕೂರಿಸಿ, ತಂತಿ ಕೊಟ್ಟು, ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸುವುದು ನನ್ನ ಕೆಲಸ.

ಜೊತೆಗೆ ನಮ್ಮ ವೈರ್‌ಮನ್ ಇರುತ್ತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾಲ್ಕುನೂರು ವೋಲ್ಟಿನ ತಂತಿ ಮುಂದೆ ಬೀಡಿ ಹಚ್ಚುವ ಗಂಡಸು, ಊರು ಕಾಯುವ ದೇವತೆ ಚೌಡಿಯ ಬನ ಬಂತೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ದಾಟುತ್ತಿದ್ದರು. ಕೇಳಿದರೆ, "ಕರೆಂಟಿಗೆ ಫ್ಯೂಸ್ ಅದೆ ಮಾರಾಯ. ಚೌಡಿಗೆ ಎಲ್ಲಿ ಅದೆ?" ಎನ್ನುತ್ತಿದ್ದರು.

೧. ಊಟದ ಹೊತ್ತಿನ ಹತ್ತು ಆಂಪಿಯರ್

ಸಾಗರದಿಂದ ಸ್ವಲ್ಪ ಹೊರಗೆ ಒಂದು ಮರದ ಮಿಲ್ಲು. ಅಲ್ಲಿಗೆ ಹೊಸ ಬೋರ್ಡು ಕೂರಿಸಲು ಹೋಗಿದ್ದೆವು. ಬೆಳಿಗ್ಗೆ ಗೇಟಿನಲ್ಲೇ ಕಾವಲುಗಾರ ನಮ್ಮನ್ನು ತಡೆದು ತಗ್ಗಿದ ದನಿಯಲ್ಲಿ ಹೇಳಿದ: "ಏನು ಮಾಡೋದಿದ್ರೂ ಮಧ್ಯಾಹ್ನ ಒಂದು ಹೊಡೆಯೋದ್ರೊಳಗೆ ಮುಗಿಸ್ಕೊಳ್ಳಿ. ಊಟದ ಹೊತ್ತಲ್ಲಿ ಒಳಗೆ ಯಾರೂ ಇರಲ್ಲ."

"ಯಾಕೆ?"

"ಹೋದ ವರ್ಷ ಗರಗಸದ ಮೇಸ್ತ್ರಿ ಇಲ್ಲೇ ಎದೆ ಹಿಡ್ಕೊಂಡು ಬಿದ್ದು ಹೋದ. ಊಟಕ್ಕೂ ಏಳದ ಆಸಾಮಿ ಅವ. ಈಗ್ಲೂ ಆ ಹೊತ್ತಿಗೆ ಬಂದು ಕೆಲಸ ಮಾಡ್ತಾನೆ. ನಾನೇ ಕಣ್ಣಾರೆ ಕಂಡಿದೀನಿ."

ನಾನು ನಕ್ಕೆ. ವೈರ್‌ಮನ್ ನಗಲಿಲ್ಲ.

ಒಂದಕ್ಕೆ ಊಟದ ಗಂಟೆ ಹೊಡೆಯಿತು. ಆಳುಗಳೆಲ್ಲ ಬುತ್ತಿ ಹಿಡಿದು ಗೇಟಿನಾಚೆಯ ಮಾವಿನ ಮರದ ಕೆಳಗೆ ಹೋದರು. ಮೋಟಾರುಗಳೆಲ್ಲ ಬಂದ್. ಅಷ್ಟು ಹೊತ್ತು ಕಿವಿ ಹರಿಯುವ ಹಾಗೆ ಕೂಗುತ್ತಿದ್ದ ಮಿಲ್ಲು ಒಮ್ಮೆಗೇ ಸುಮ್ಮನಾದರೆ ಕಿವಿಯೊಳಗೆ ಏನೋ ಬಿದ್ದಂತಾಗುತ್ತದೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಮರದ ಪುಡಿ ಇನ್ನೂ ತೇಲುತ್ತಿತ್ತು. ನಾನು ಬೋರ್ಡಿನ ಎದುರು ನಿಂತು, ಆಂಪಿಯರ್ ಮುಳ್ಳು ಸೊನ್ನೆಯಲ್ಲಿ ಸರಿಯಾಗಿ ನಿಂತಿದೆಯೇ ಎಂದು ನೋಡುತ್ತಿದ್ದೆ.

ಮುಳ್ಳು ಎದ್ದಿತು.

ಧಡಕ್ಕನೆ ಎದ್ದಿದ್ದರೆ ಹೆದರುತ್ತಿರಲಿಲ್ಲ. ಅದು ನಿದ್ದೆಯಿಂದ ಏಳುವವರ ಹಾಗೆ ನಿಧಾನವಾಗಿ ಎದ್ದಿತು. ಮೂರು. ಐದು. ಏಳು. ಹತ್ತಕ್ಕೆ ಬಂದು ನಿಂತಿತು. ತಿರುಗಿ ನೋಡಿದರೆ ಗರಗಸ ನಿಂತಲ್ಲೇ ಇದೆ, ಬೆಲ್ಟು ಅಲ್ಲಾಡುತ್ತಿಲ್ಲ. ಯಾರೋ ಹತ್ತು ಆಂಪಿಯರಿನ ಕೆಲಸ ಮಾಡುತ್ತಿದ್ದಾರೆ, ಮಾಡುವವರು ಮಾತ್ರ ಕಾಣುತ್ತಿಲ್ಲ.

"ಬಂದ," ಎಂದರು ವೈರ್‌ಮನ್.

ಹಿಂದುಗಡೆಯ ಮರದ ಪುಡಿ ತುಂಬುವ ಕೋಣೆಯಿಂದ ಗುಂಯ್‌ಗುಡುವ ಸದ್ದು ಬಂತು. ಅದರ ಜೊತೆ ಮನುಷ್ಯನ ದನಿಯಂಥದೊಂದು ಗೊಣಗು. ಆದರೆ ನಾನೇ ಎಲ್ಲೋ ತಪ್ಪಾಗಿ ಜೋಡಿಸಿದೆನೋ ಏನೋ ಎಂಬ ಭಯ ದೆವ್ವದ ಭಯಕ್ಕಿಂತ ದೊಡ್ಡದು. ಬೋರ್ಡಿನ ಹಿಂದೆ ಬಗ್ಗಿ ನೋಡಿದೆ. ಬೋರ್ಡಿನಿಂದ ಹೊರಟ ಲೈನಿಗೆ ಯಾರೋ ಮೊದಲೇ ಕಟ್ಟಿಟ್ಟ, ನಾನು ಹಾಕದ ಒಂದು ತಂತಿ ಜಂತಿ ಹಿಡಿದು ಹಿಂದಿನ ಕೋಣೆಗೆ ಹೋಗಿತ್ತು. ಅದರ ಹಿಂದೆಯೇ ಹೋದೆ. ಬಾಗಿಲ ಸಂದಿಯಿಂದ ಹಬೆ ಬರುತ್ತಿತ್ತು. ದೂಡಿದೆ.

ಒಳಗೆ ಸೊಂಟಕ್ಕೊಂದು ಟವೆಲು ಸುತ್ತಿಕೊಂಡು, ದೇವರನಾಮ ಗುನುಗುತ್ತ, ನಮ್ಮ ಕಾವಲುಗಾರ! ಮುಂದೊಂದು ತೈಲದ ಡ್ರಮ್ಮು. ಅದರ ತುಂಬ ಉಪ್ಪು ಹಾಕಿದ ಸ್ನಾನದ ನೀರು, ನೀರಿನಲ್ಲಿ ಕರೆಂಟು ಕೊಟ್ಟ ಎರಡು ಕಬ್ಬಿಣದ ತಗಡು. ನೀರು ಕಾದಂತೆ ಆಂಪಿಯರ್ ಏರುತ್ತಿತ್ತು, ಅಷ್ಟೆ. ಯಾರೂ ಇತ್ತ ಬರದಿರಲಿ ಎಂದೇ ಮೇಸ್ತ್ರಿಯ ದೆವ್ವವನ್ನು ಎಬ್ಬಿಸಿದ್ದವನೂ ಅವನೇ.

ನಾನು ಬಾಯಿ ತೆರೆಯುವ ಮೊದಲೇ ಅವನು ತಗಡುಗಳ ತಂತಿ ಕಳಚಿ, ಚೊಂಬು ಕೈಗೆತ್ತಿಕೊಂಡು ಹೇಳಿದ: "ಬೈಯೋದಾದ್ರೆ ಬೇಗ ಬೈದುಬಿಡಿ ಸ್ವಾಮಿ. ನೀರು ಆರ್ತದೆ."

೨. ರಿಪೇರಿಗೆ ಕಾಯಿ

ಇದು ನನ್ನದೇ ತಪ್ಪು. ಹೆಗ್ಗೋಡಿನ ಕಡೆ ಒಂದು ಅಕ್ಕಿ ಗಿರಣಿ. ಆಂಪಿಯರ್ ಮೀಟರಿನ ಮುಳ್ಳು ನಡುವೆ ಸಿಕ್ಕಿಕೊಳ್ಳುತ್ತಿದೆ ಎಂದು ಕರೆಸಿದ್ದರು. ಗಿರಣಿ ಓಡುತ್ತಿತ್ತು, ಭತ್ತ ತಂದವರು ಸಾಲಾಗಿ ಕೂತಿದ್ದರು.

"ನಿಲ್ಲಿಸಬೇಡಿ. ಓಡ್ತಾ ಇದ್ದ ಹಾಗೇ ಬಿಚ್ಚಲಿಕ್ಕೆ ಆಗುವುದಿಲ್ಲವೋ?" ಎಂದರು ಯಜಮಾನರು.

ಆಗುವುದಿಲ್ಲ. ದೊಡ್ಡ ಮೋಟಾರಿನ ಪೂರ್ತಿ ಕರೆಂಟು ಮೀಟರಿನೊಳಗೆ ಹರಿಯುವುದಿಲ್ಲ. ಬಳೆಯಂಥ ಒಂದು ಸುರುಳಿ ಅದರಲ್ಲೊಂದು ಸಣ್ಣ ಪಾಲು ತೆಗೆದು ಮೀಟರಿಗೆ ಕಳಿಸುತ್ತದೆ. ಮೋಟಾರು ಓಡುವಾಗ ಆ ಸುರುಳಿಯ ತಂತಿಯನ್ನು ಬಿಚ್ಚಿ ಬಾಯಿ ತೆರೆದು ಬಿಟ್ಟರೆ ಅಲ್ಲಿ ಮನುಷ್ಯನನ್ನು ಕೊಲ್ಲುವಷ್ಟು ವೋಲ್ಟು ಹುಟ್ಟುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಅಷ್ಟು ಜನ ನೋಡುತ್ತಿದ್ದಾರಲ್ಲ ಎಂಬ ಜಂಬದಲ್ಲಿ, ಒಂದು ನಿಮಿಷದ ಕೆಲಸ ಎಂದು ಸ್ಕ್ರೂ ತಿರುಗಿಸಿದೆ.

ತಂತಿ ಕಳಚಿದ್ದೇ ತಡ, ಬೋರ್ಡು ಹೂಂಕರಿಸಿತು. ಮೊದಲು ಜೇನಿನ ಹಾಗೆ, ಆಮೇಲೆ ಹಲ್ಲು ಕಚ್ಚಿ ಅಳುವವರ ಹಾಗೆ. ತಂತಿಯ ತುದಿಯಲ್ಲಿ ನೀಲಿ ಬೆಳಕು ನಾಲಗೆ ಚಾಚಿತು. ಸುಟ್ಟ ವಾಸನೆ. ನನ್ನ ತೋಳಿನ ರೋಮವೆಲ್ಲ ಬೋರ್ಡಿನ ಕಡೆಗೆ ಎದ್ದು ನಿಂತಿತು. ಕೈ ಹಿಂದಕ್ಕೆ ಎಳೆಯಬೇಕು ಎಂದು ತಿಳಿಯುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ. ವೈರ್‌ಮನ್ ಎರಡೂ ಕೈ ಮುಗಿದು ಹಿಂದೆ ಹಿಂದೆ ಹೋಗುತ್ತಿದ್ದರು.

ಯಜಮಾನರು ಮನೆ ಕಡೆ ತಿರುಗಿ ಹೆಂಡತಿಗೆ ಕೂಗಿದರು: "ಏ, ಇಲ್ಲಿ ಎಂತೋ ಇದ್ದು! ಒಂದು ಕಾಯಿ ತಗಂಡು ಬಾ ಬೇಗ!"

ಒಳಗಿನಿಂದ ದನಿ ಬಂತು: "ಎಂತಕ್ಕೆ? ಚಟ್ನಿಗಾ?"

"ಚೌಡಿಗೆ!"

ಆಕೆ ಕಾಯಿ ಹಿಡಿದು ಓಡಿ ಬರುವ ಹೊತ್ತಿಗೆ ನನಗೆ ಎಚ್ಚರವಾಯಿತು. ಗೋಡೆ ಸವರಿಕೊಂಡು ಮೇನ್ ಸ್ವಿಚ್ಚಿನ ಹತ್ತಿರ ಹೋಗಿ ಹಿಡಿಯನ್ನು ಕೆಳಗೆಳೆದೆ. ಅದೇ ಕ್ಷಣಕ್ಕೆ ಯಜಮಾನರು ಮೆಟ್ಟಿಲಿನ ಕಲ್ಲಿಗೆ ಕಾಯಿ ಒಡೆದರು. ಬೋರ್ಡು ತಣ್ಣಗಾಯಿತು. ಅಲ್ಲಿದ್ದವರೆಲ್ಲ ಕಾಯಿಗೆ ಕೈ ಮುಗಿದರು. ಒಬ್ಬನಾದರೂ ನನ್ನ ಕಡೆ ನೋಡಲಿಲ್ಲ.

ನಾನು ಅರ್ಧ ಗಂಟೆ ಭತ್ತದ ಮೂಟೆಯ ಮೇಲೆ ಕೂತೆ. ಯಜಮಾನರ ಹೆಂಡತಿ ಬೆಲ್ಲ, ನೀರು ತಂದುಕೊಟ್ಟರು. ಸುಧಾರಿಸಿಕೊಂಡ ಮೇಲೆ, ತಪ್ಪು ನನ್ನದು, ಸ್ವಿಚ್ಚು ಆರಿಸಿದ್ದರಿಂದ ನಿಂತಿತು ಎಂದು ಯಜಮಾನರಿಗೆ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ನನ್ನ ಬೆನ್ನು ತಟ್ಟಿ ಹೇಳಿದರು: "ಇರಲಿ, ಇರಲಿ. ಮೀಟರು ಕೂರಿಸಲಿಕ್ಕೆ ನೀವೇ ಬನ್ನಿ. ರಿಪೇರಿ ಮಾತ್ರ ಇನ್ನು ಮೇಲೆ ಮನೆಯಲ್ಲೇ ಮಾಡಿಕೊಳ್ತೇವೆ."

೩. ಬಸ್ಸಿಗೆ ಹಿಡಿದ ಗಾಳಿ

ರಿಪ್ಪನ್‌ಪೇಟೆಯಲ್ಲಿ ಬಸ್ಸು ಹತ್ತಿ ತೊಡೆಯ ಮೇಲೆ ಹೊಸ ಮೀಟರು ಇಟ್ಟುಕೊಂಡು ಕೂತಿದ್ದೆ. ಪಕ್ಕದ ಅಜ್ಜಿ ಬಹಳ ಹೊತ್ತು ಅದನ್ನೇ ನೋಡಿ, "ಇದು ಎಂಥ ನೋಡಕ್ಕೆ?" ಎಂದರು. "ಕಣ್ಣಿಗೆ ಕಾಣದ್ದನ್ನ ತೋರಿಸತ್ತೆ ಅಜ್ಜಿ," ಎಂದೆ. ಎನ್ನಬಾರದಿತ್ತು.

ಅಜ್ಜಿ ಗಾಜಿನ ಮೇಲೆ ಅಂಗೈ ಇಟ್ಟರು. ಅದೇ ಹೊತ್ತಿಗೆ ಡ್ರೈವರ್ ಇಂಜಿನ್ ಶುರು ಮಾಡಿದ. ಬಸ್ಸು ಗಡಗಡ ನಡುಗಿತು, ಮುಳ್ಳೂ ನಡುಗಿತು. ಅಜ್ಜಿ ಕೈ ತೆಗೆದರು. ಮುಳ್ಳು ನಡುಗುತ್ತಲೇ ಇತ್ತು. ಅವರು ಮೀಟರನ್ನು ನನ್ನ ತೊಡೆಯಿಂದ ಎತ್ತಿಕೊಂಡು ಮುಂದಿನ ಸೀಟಿನವನ ಬೆನ್ನಿಗೆ ಹಿಡಿದರು, ಕಂಡಕ್ಟರನ ಹೊಟ್ಟೆಗೆ ಹಿಡಿದರು, ಕಿಟಕಿ ಸರಳಿಗೆ ಹಿಡಿದರು. ಎಲ್ಲ ಕಡೆಯೂ ಮುಳ್ಳು ಥರಥರ. ಮೀಟರನ್ನು ನನಗೆ ಒಪ್ಪಿಸಿ ಅಜ್ಜಿ ಎದ್ದರು.

"ಮನುಷ್ಯರಿಗಲ್ಲ, ಬಸ್ಸಿಗೇ ಗಾಳಿ ಹಿಡಿದದೆ. ನಾ ನಡ್ಕೊಂಡೇ ಹೋಗ್ತೀನಿ," ಎಂದು ಇಳಿದೇ ಬಿಟ್ಟರು.

ಬಸ್ಸು ಎರಡು ಮೈಲಿ ಹೋಗಿ ಕೆಟ್ಟು ನಿಂತಿತು. ರಸ್ತೆ ಪಕ್ಕ ಸಾಲಾಗಿ ನಿಂತಿದ್ದ ನಮ್ಮನ್ನು ದಾಟಿಕೊಂಡು ಅಜ್ಜಿ ಹೋದರು. ತಿರುಗಿಯೂ ನೋಡಲಿಲ್ಲ.

೪. ಮುಳುಗುವ ಊರಿನ ನಾಲ್ಕುನೂರು ವೋಲ್ಟು

ಹೊಸನಗರದ ಕಡೆ ಹೊಳೆಗೆ ಅಣೆಕಟ್ಟು ಕಟ್ಟಿ ನೀರು ಮೇಲೇರುತ್ತಿದ್ದ ಕಾಲ. ಮೀಟರು ಹಾಕುತ್ತಿದ್ದವನಿಗೆ ಮೀಟರು ಬಿಚ್ಚಿ ತರುವ ಕೆಲಸ ಬಂತು. ಒಂದು ಹಳ್ಳಿಯ ಸಣ್ಣ ಅಕ್ಕಿ ಗಿರಣಿ. ಅದರ ಯಜಮಾನ ನಮ್ಮನ್ನು ದೋಣಿಯಲ್ಲಿ ಕರೆದುಕೊಂಡು ಹೋದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ದೋಣಿಯ ಕೆಳಗೆ ಏನೋ ತಾಗಿತು. "ಅದು ಶಾಲೆ ಕಾಂಪೌಂಡು," ಎಂದ. ಅಷ್ಟೇ ಅವನು ದಾರಿಯಲ್ಲಿ ಆಡಿದ ಮಾತು.

ಊರಿಗೆ ಊರೇ ಖಾಲಿ. ಹೆಂಚು, ಬಾಗಿಲು, ಕಿಟಕಿ, ಹೊಸ್ತಿಲನ್ನು ಸಹ ಕಿತ್ತುಕೊಂಡು ಜನ ಹೋಗಿದ್ದರು. ಗೋಡೆಗಳು ಕಣ್ಣು ಕಿತ್ತ ಮುಖದ ಹಾಗೆ ನಿಂತಿದ್ದವು. ಲೈಟ್ ಕಂಬಗಳಿದ್ದವು, ಅವುಗಳ ಮೇಲೆ ತಂತಿ ಇರಲಿಲ್ಲ. ಸುತ್ತಿಕೊಂಡು ಹೋಗಿ ವಾರವಾಗಿತ್ತು. ಹಗಲು ಹನ್ನೊಂದರ ಬಿಸಿಲು, ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಗಿರಣಿಯ ಕೆಳಗಿನ ಮೆಟ್ಟಿಲನ್ನು ನೀರು ಆಗಲೇ ಮುಟ್ಟಿ ಮುಟ್ಟಿ ನೋಡುತ್ತಿತ್ತು.

ಒಳಗೆ ಯಂತ್ರ ಹೋಗಿತ್ತು. ಗೋಡೆಯ ಮೇಲೆ ಬೋರ್ಡು ಮಾತ್ರ ಉಳಿದಿತ್ತು. ನಾನು ಸ್ಕ್ರೂಡ್ರೈವರ್ ತೆಗೆದು ಹತ್ತಿರ ಹೋದವನು ಹಾಗೇ ನಿಂತೆ. ವೋಲ್ಟ್ ಮೀಟರು ನಾಲ್ಕುನೂರು ತೋರಿಸುತ್ತಿತ್ತು.

ವೈರ್‌ಮನ್ ಹೊರಗೆ ಹೋಗಿ ಕಂಬ ನೋಡಿ ಬಂದರು. "ತಂತಿ ಇಲ್ಲ."

"ಗೊತ್ತು."

"ಊರೂ ಇಲ್ಲ. ಮತ್ತೆ ಈ ವೋಲ್ಟ್ ಯಾರದು?"

ನಾನು ಟೆಸ್ಟ್ ಲ್ಯಾಂಪಿನ ಎರಡು ತಂತಿ ತಾಗಿಸಿದೆ. ಬಲ್ಬು ಹತ್ತಲಿಲ್ಲ. ಗಾಜನ್ನು ಬೆರಳಿನಿಂದ ಬಡಿದೆ. ಮುಳ್ಳು ಅಲ್ಲಾಡಲಿಲ್ಲ. ಸತ್ತವರ ಕಣ್ಣು ತೆರೆದೇ ಇರುತ್ತದಲ್ಲ, ಹಾಗಿತ್ತು. "ಇದನ್ನ ಇಲ್ಲೇ ಬಿಟ್ಟು ಹೋಗೋಣ. ನೀರಿಗೆ ಬೇಕಾಗಿದೆ ಅನ್ಸತ್ತೆ," ಎಂದರು ವೈರ್‌ಮನ್. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಹೊರಗೆ ನೀರು ಮೆಟ್ಟಿಲನ್ನು ನೆಕ್ಕುವ ಸದ್ದು ಮೊದಲಿಗಿಂತ ಹತ್ತಿರ ಬಂದ ಹಾಗಿತ್ತು.

ಕಡೆಗೆ ಯಜಮಾನನೇ ಮುಂದೆ ಬಂದು ಮೀಟರನ್ನು ಎರಡೂ ಕೈಯಿಂದ ಹಿಡಿದುಕೊಂಡ. ನಾನು ಬಿಚ್ಚಿದೆ. ಹಿಂದಿನ ಮುಚ್ಚಳ ತೆಗೆದು ನೋಡಿದರೆ ಒಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿಕೊಂಡಿತ್ತು. ಕರೆಂಟು ಇದ್ದಾಗ, ಮುಳ್ಳು ನಾಲ್ಕುನೂರರಲ್ಲಿ ನಿಂತಿದ್ದಾಗಲೇ ಅದರ ಬುಡಕ್ಕೆ ಮಣ್ಣು ಮೆತ್ತಿ ಗಟ್ಟಿ ಮಾಡಿಬಿಟ್ಟಿತ್ತು. ನಾನು ಉಗುರಿನಿಂದ ಮಣ್ಣು ಬಿಡಿಸಹೋದೆ.

"ಬಿಡಿ, ಹಾಗೇ ಇರ್ಲಿ," ಎಂದ ಯಜಮಾನ. ಮೀಟರನ್ನು ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡ. ಅವತ್ತು ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು. "ಎಲ್ಲರಿಗೂ ಊರು ಬಿಡೋ ನೋಟಿಸ್ ಕೊಟ್ರು. ಇದಕ್ಕೊಂದು ಕೊಡೋದು ಮರೆತ್ರು ಕಾಣ್ತದೆ."

೫. ಗೌಡ್ತಮ್ಮನ ರೇಷ್ಮೆ ಶಲ್ಯ

ತೀರ್ಥಹಳ್ಳಿ ಕಡೆಯ ಒಂದು ಅಕ್ಕಿ ಮಿಲ್ಲನ್ನು ಬಹಳ ವರ್ಷ ಒಬ್ಬ ಹೆಂಗಸು ನಡೆಸಿದರು. ಎಲ್ಲರೂ ಅವರನ್ನು ಗೌಡ್ತಮ್ಮ ಎನ್ನುತ್ತಿದ್ದರು. ಮಿಲ್ಲು ಅವರ ಕೈಯಲ್ಲಿ ಹೇಗೆ ಉಳಿಯಿತು ಎನ್ನುವುದಕ್ಕೆ ನಾನು ಸಾಕ್ಷಿ.

ಮಿಲ್ಲು ಕಟ್ಟಿಸಿದವರು ಅವರ ಗಂಡ, ಗೌಡರು. ಬೋರ್ಡು ಕೂರಿಸಿದವನು ನಾನು. ಮಿಲ್ಲು ಸರಿಯಾಗಿ ಒಂದು ಸುಗ್ಗಿ ಕಾಣುವ ಮೊದಲೇ ಗೌಡರು ಜ್ವರದಲ್ಲಿ ತೀರಿಕೊಂಡರು. ಮಿಲ್ಲು ನಿಂತಿತು, ಕಂಬದ ಫ್ಯೂಸು ತೆಗೆದು ಬಿಟ್ಟರು. ಮುಂದಿನ ಬೇಸಿಗೆಯ ಮೊದಲಲ್ಲಿ, ಗಾಳಿ ಒಣಗಿ ತುಟಿ ಒಡೆಯುವ ದಿನಗಳಲ್ಲಿ, ನನಗೊಂದು ಕಾರ್ಡು ಬಂತು. ಎರಡೇ ಸಾಲು: "ಮೀಟರು ಮಾತಾಡುತ್ತಿದೆ. ಬಂದು ನೋಡಿ."

ವೈರ್‌ಮನ್ ಕಾರ್ಡನ್ನು ಓದಿ, ಅದನ್ನು ಮುಟ್ಟಿದ ಕೈ ತೊಳೆದುಕೊಂಡು ಬಂದರು. ಆದರೂ ಜೊತೆಗೆ ಬಂದರು.

ಮೊದಲು ಕಂಬ ನೋಡಿದೆ. ಫ್ಯೂಸಿಲ್ಲ. ಬೋರ್ಡಿನಲ್ಲಿ ಟೆಸ್ಟ್ ಲ್ಯಾಂಪು ಹಿಡಿದೆ. ಹತ್ತಲಿಲ್ಲ. ಕರೆಂಟಿನ ಹನಿಯೂ ಇಲ್ಲ. ಗೌಡ್ತಮ್ಮ ಮಡಿಸಿದ ಒಂದು ರೇಷ್ಮೆ ಶಲ್ಯ ಹಿಡಿದು ಬಂದರು. ಮದುವೆಯಲ್ಲಿ ಗೌಡರು ಹೊದ್ದದ್ದಂತೆ. ಅದರಿಂದ ವೋಲ್ಟ್ ಮೀಟರಿನ ಗಾಜನ್ನು ನಾಲ್ಕು ಸಲ ಮೆಲ್ಲಗೆ ಒರೆಸಿದರು, ಮಲಗಿದವರ ಹಣೆ ಒರೆಸುವ ಹಾಗೆ. ಒಂದು ಹೆಜ್ಜೆ ಹಿಂದೆ ಸರಿದು ಮೀಟರನ್ನೇ ಕೇಳಿದರು: "ಮುದಿ ಎಮ್ಮೆನ ಕೊಟ್ಟುಬಿಡ್ಲಾ?"

ಸತ್ತ ಮೀಟರಿನ ಮುಳ್ಳು ಸೊನ್ನೆಯಿಂದ ಎದ್ದು ನೂರೈವತ್ತಕ್ಕೆ ಹೋಗಿ ನಿಂತಿತು.

ವೈರ್‌ಮನ್ ನೆಲದ ಮೇಲೆ ಕೂತುಬಿಟ್ಟರು. ಗೌಡ್ತಮ್ಮ ಗಾಜಿನ ಹತ್ತಿರಕ್ಕೆ ಮುಖ ತಂದು, "ಆಯ್ತು ಬಿಡಿ," ಎಂದರು. ಮುಳ್ಳು ಮೆಲ್ಲಗೆ ಇಳಿದು ಸೊನ್ನೆಗೆ ಬಂದು ಮಲಗಿತು.

"ಬದುಕಿದ್ದಾಗ ಮೂರು ಸಲ ಕೇಳಿದ್ರೂ ಹ್ಞೂ ಅಂದವರಲ್ಲ," ಎಂದರು ನನ್ನ ಕಡೆ ತಿರುಗಿ. ಹೆಮ್ಮೆಯೋ ದುಃಖವೋ ತಿಳಿಯಲಿಲ್ಲ. ಆಮೇಲೆ ದನಿ ತಗ್ಗಿಸಿದರು. "ಆದ್ರೆ ಈಗೀಗ ಎಲ್ಲದಕ್ಕೂ ಹ್ಞೂ ಅಂತಾರೆ. ಮೈದುನ ಮಿಲ್ಲು ತನಗೆ ಬರೆದುಕೊಡು ಅಂತ ಕೂತಿದಾನೆ. ಕೊಡ್ಲಾ ಅಂದ್ರೂ ಏಳ್ತದೆ, ಇಟ್ಕೊಳ್ಲಾ ಅಂದ್ರೂ ಏಳ್ತದೆ. ಅವರು ಹಿಂಗೆ ಎರಡು ಮಾತಿನ ಮನುಷ್ಯ ಆಗಿರ್ಲಿಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು."

ಅವರು ಕಾಫಿ ತರಲು ಹೋದಾಗ ನಾನು ಗಾಜನ್ನು ನನ್ನ ಹತ್ತಿಯ ಪಂಚೆಯಿಂದ ಒರೆಸಿದೆ. ಮುಳ್ಳು ಸುಮ್ಮನಿತ್ತು. ಅಲ್ಲೇ ಬಿಟ್ಟುಹೋಗಿದ್ದ ಶಲ್ಯದಿಂದ ಒರೆಸಿದೆ. ಎದ್ದಿತು. ಗಾಜಿನ ಮೇಲೆ ಬಾಯಿಂದ ಹಾ ಎಂದು ಉಸಿರು ಬಿಟ್ಟೆ. ಬಿತ್ತು. ಒಣಹವೆಯಲ್ಲಿ ರೇಷ್ಮೆಯಿಂದ ಗಾಜನ್ನು ಉಜ್ಜಿದರೆ ಗಾಜಿಗೆ ಒಂದು ಸೆಳೆತ ಬರುತ್ತದೆ, ಹಗುರಾದ ಮುಳ್ಳನ್ನು ಅದು ಎಳೆದುಕೊಳ್ಳುತ್ತದೆ. ಉಸಿರಿನ ತೇವ ತಾಗಿದರೆ ಸೆಳೆತ ಹೋಗುತ್ತದೆ. ಅಷ್ಟೇ ವಿಷಯ. ಆದರೆ ಆ ಅಷ್ಟೇ ವಿಷಯವನ್ನು ಗೌಡ್ತಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹೇಳುವುದು ಬೇಡ ಎಂದುಕೊಂಡೆ.

ಅಷ್ಟರಲ್ಲಿ ಮೈದುನ ಬಂದ. ಕಂಕುಳಲ್ಲಿ ಬರೆಸಿಕೊಂಡು ಬಂದ ಕಾಗದ ಪತ್ರ. ನಾನು ಉಸಿರು ಬಿಟ್ಟು ನೋಡುತ್ತಿದ್ದದ್ದನ್ನು ಬಾಗಿಲಲ್ಲೇ ನಿಂತು ಕಂಡಿದ್ದ. "ಏನ್ ಅದು? ಹೇಳ್ರಿ, ಏನ್ ಕಂಡುಹಿಡಿದ್ರಿ?" ಎಂದು ಜುಲುಮೆ ಮಾಡಿದ. ಕಾಫಿ ಲೋಟ ಹಿಡಿದು ಬಂದ ಗೌಡ್ತಮ್ಮನೂ ನಿಂತು ನನ್ನ ಮುಖ ನೋಡಿದರು. "ಹೇಳಿ. ಸುಳ್ಳು ಹೇಳ್ಬೇಡಿ," ಎಂದರು.

ಹೇಳಿದೆ. ಮಾಡಿಯೂ ತೋರಿಸಿದೆ. ಗೌಡರನ್ನು ಎರಡನೇ ಸಲ ಹೂಳಿದ ಹಾಗನ್ನಿಸಿತು. ಗೌಡ್ತಮ್ಮ ಶಲ್ಯವನ್ನು ಮಡಿಸಿ ಎದೆಗೆ ಒತ್ತಿಕೊಂಡು ನಿಂತರು.

ಮೈದುನನಿಗೆ ಹಿಡಿಸಲಾರದಷ್ಟು ಖುಷಿ. "ಕೇಳಿದ್ರಾ ಅತ್ತಿಗೆ? ಅಣ್ಣನೂ ಇಲ್ಲ, ಗಿಣ್ಣನೂ ಇಲ್ಲ. ನೋಡಿ ಇಲ್ಲಿ!" ಎಂದು ಹೆಗಲ ಮೇಲಿನ ಹತ್ತಿ ಟವೆಲನ್ನು ನೀರಿನ ಕೊಡಕ್ಕೆ ಅದ್ದಿ, ಹಿಂಡಿ, ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದ. ಎದೆ ಸೆಟೆಸಿ ನಿಂತು, ಮಿಲ್ಲಿನ ಮಾಡು ಹಾರುವ ಹಾಗೆ ಕೂಗಿದ:

"ಅಣ್ಣಾ! ಮಿಲ್ಲು ನಾನು ತಗೊಳ್ಲಾ?"

ಎಲ್ಲರೂ ಮೀಟರನ್ನೇ ನೋಡಿದೆವು. ನಾನೂ ನೋಡಿದೆ, ಎಲ್ಲ ಗೊತ್ತಿದ್ದ ನಾನೇ ಉಸಿರು ಹಿಡಿದು ನೋಡಿದೆ. ಮುಳ್ಳು ಕೂದಲಷ್ಟೂ ಕದಲಲಿಲ್ಲ.

"ಅಲ್ಲಾಡ್ತಾ?" ಎಂದ ಮೈದುನ ಗೆದ್ದವನ ಹಾಗೆ.

"ಇಲ್ಲ," ಎಂದರು ಗೌಡ್ತಮ್ಮ.

"ಮತ್ತೆ?"

ಗೌಡ್ತಮ್ಮ ಅವನ ಕಂಕುಳಿನ ಕಾಗದಗಳನ್ನು ಮೆಲ್ಲಗೆ ಎಳೆದು ಅವನ ಕೈಗೇ ಕೊಟ್ಟರು.

"ಮತ್ತೆ ಎಂಥ? ನೀನೇ ಬಾಯಿಬಿಟ್ಟು ಕೇಳ್ದೆ. ಬೇಡ ಅಂದ್ರು."